ಗಸಗಸೆಯಷ್ಟು ಕಾಳಿಗೆ ನಾಲ್ಕು ಸುತ್ತಿನ ಕೋಟೆ

ಕಳೆದ ತಿಂಗಳು ನಮಗೆ ಬಂದ ಕಾಗದಗಳಲ್ಲಿ ಗೃಹಿಣಿಯೊಬ್ಬರು ಬರೆದುದು ಉಳಿದವುಗಳಿಗಿಂತ ಬೇರೆಯಾಗಿದ್ದಿತು. ಅವರ ಮಗಳು ರಸಾಯನಶಾಸ್ತ್ರದಲ್ಲಿ ಉನ್ನತ ಪರೀಕ್ಷೆಯನ್ನು ಮುಗಿಸಿ, ಅಮೆರಿಕದಲ್ಲಿ ಪರಮಾಣು ರಿಯಾಕ್ಟರಿನ ಇಂಧನಕ್ಕಾಗಿ ಕಾಳುಗಳನ್ನು ತಯಾರಿಸುವ ಕೆಲಸಕ್ಕೆ ಸೇರಲಿರುವಳಂತೆ. “ಅದೆಂತಹ ಕಾಳೋ ನಮಗೆ ತಿಳಿಯದು. ಮಗಳನ್ನು ಕೇಳಿದರೆ ‘ಗಸಗಸೆಯಷ್ಟು ಇರುತ್ತೆ ಅಮ್ಮ’ ಎಂದು ನಗುವಳು. ಅವಳ ತಂದೆಯವರು ಫುಕುಶಿಮದ ಹೆಸರನ್ನೊಮ್ಮೆ ಹೇಳಿ ಸುಮ್ಮನಾಗಿಬಿಡುವರು. ಹುಡುಗಿಯನ್ನು ಕಳುಹಿಸಬಹುದೆ? ತಾವು ಮೇಷ್ಟರಾಗಿದ್ದವರು, ನಮ್ಮಂತಹವರಿಗೆ ತಿಳಿಯುವ ಹಾಗೆ ಬರೆಯಬೇಕು” ಎಂಬುದು ಆ ತಾಯಿಯವರ ಕೋರಿಕೆ.

ಕಳುಹಿಸಬಹುದೆ ಎಂಬ ಪ್ರಶ್ನೆಗೆ ಉತ್ತರ ಹೇಳುವ ಅಧಿಕಾರ ನಮಗಿಲ್ಲ. ಅಷ್ಟು ಓದಿದ ಹುಡುಗಿಯ ವಿಷಯದಲ್ಲಿ ಅದು ತಂದೆತಾಯಿಗಳಿಗೂ ಪೂರ್ತಿಯಾಗಿ ಇರಲಾರದು. ಆದರೆ ಕಾಳು ಎಂತಹದು, ಅದನ್ನು ಹೇಗೆ ಮಾಡುವರು, ಅದರಲ್ಲಿ ಭಯವೆಷ್ಟು ಎಂಬುದನ್ನು ವಿಚಾರಿಸಿ ಹೇಳಬಹುದು. ನಾವು ಸಂಸ್ಕೃತವನ್ನೋದಿ, ಮಕ್ಕಳಿಂದ ಶಬ್ದರೂಪಗಳನ್ನು ಬಾಯಿಪಾಠ ಮಾಡಿಸುತ್ತ ಆಯುಷ್ಯವನ್ನು ಕಳೆದವರು. ಪರಮಾಣುಶಾಸ್ತ್ರವು ನಮ್ಮ ವಿದ್ಯೆಯಲ್ಲ. ಆದುದರಿಂದ ಒಂದು ತಿಂಗಳೆಲ್ಲ ಇದನ್ನೇ ಓದಿದೆವು. ಓದುತ್ತ ಹೋದಂತೆ ನಮಗುಂಟಾದ ಆಶ್ಚರ್ಯವೇನೆಂದರೆ, ಈ ಕೆಲಸದ ಬಹುಭಾಗವನ್ನು ನಮ್ಮ ಹೆಣ್ಣುಮಕ್ಕಳು ಹಬ್ಬದ ಹಿಂದಿನ ದಿನ ಅಡಿಗೆಮನೆಯಲ್ಲಿ ಮಾಡುತ್ತ ಬಂದಿರುವರು.

ಮೊದಲು ತಂದೆಯವರ ಮೌನದ ವಿಷಯ. ಯುರೇನಿಯಂ ಪರಮಾಣುವಿನ ಬೀಜವು ಒಡೆದು ಎರಡು ಹೋಳಾಗುವಾಗ ಶಾಖವು ಹುಟ್ಟುವುದೆಂಬುದನ್ನೂ, ಆ ಶಾಖದಿಂದ ನೀರನ್ನು ಉಗಿಯಾಗಿಸಿ ವಿದ್ಯುತ್ತನ್ನು ಪಡೆಯುವರೆಂಬುದನ್ನೂ ವಾಚಕರು ಬಲ್ಲರು. ಒಡೆದ ಹೋಳುಗಳ ಗತಿಯೇನೆಂಬುದನ್ನು ಮಾತ್ರ ಬಹುಜನರು ವಿಚಾರಿಸುವುದಿಲ್ಲ. ಸೀಸಿಯಂ, ಸ್ಟ್ರಾಂಷಿಯಂ, ಅಯೋಡೀನ್, ಕ್ಸೆನಾನ್ ಮೊದಲಾದ ಹೆಸರುಳ್ಳ ಆ ಹೋಳುಗಳೇ ನಿಜವಾದ ವಿಷ. ಅವು ಹುಟ್ಟಿದೊಡನೆ ಶಾಂತವಾಗುವುದಿಲ್ಲ. ಕಿರಣಗಳನ್ನು ಚೆಲ್ಲುತ್ತ, ತಮ್ಮಷ್ಟಕ್ಕೆ ತಾವು ಬಿಸಿಯಾಗುತ್ತ ಇರುವವು. ಒಲೆಯನ್ನು ಆರಿಸಿದ ಕ್ಷಣದಲ್ಲಿ ಪೂರ್ಣಶಾಖದ ನೂರರಲ್ಲಿ ೬ ಪಾಲಿನಷ್ಟು ಉಳಿದಿರುವುದು. ಒಂದು ದಿನ ಕಳೆದ ಮೇಲೆಯೂ ನೂರರಲ್ಲಿ ಅರ್ಧ ಪಾಲಿನಷ್ಟು ಇರುವುದು. ದೊಡ್ಡ ರಿಯಾಕ್ಟರಿನಲ್ಲಿ ಆ ಅರ್ಧ ಪಾಲೆಂದರೆ ಸಾಮಾನ್ಯವಲ್ಲ.

ಸಾಧಾರಣ ರಿಯಾಕ್ಟರುಗಳಲ್ಲಿ ಯುರೇನಿಯಂ ಬಿಲ್ಲೆಗಳನ್ನು ಜಿರ್ಕೋನಿಯಂ ಲೋಹದ ತೆಳುವಾದ ಕೊಳವೆಗಳಲ್ಲಿ ತುಂಬಿ, ಸುತ್ತಲೂ ನೀರನ್ನು ಹರಿಸುತ್ತಿರುವರು. ನೀರು ನಿಂತರೆ ಕೇಡು. ೨೦೧೧ನೆಯ ಇಸವಿಯ ಮಾರ್ಚಿ ತಿಂಗಳಲ್ಲಿ ಜಪಾನಿನ ಫುಕುಶಿಮದಲ್ಲಿ ಭೂಕಂಪವಾದೊಡನೆ ರಿಯಾಕ್ಟರುಗಳು ನಿಯಮದಂತೆ ತಾವೇ ಆರಿದವು. ಆಮೇಲೆ ಬಂದ ಸಮುದ್ರದ ಅಲೆಯು ನೀರೆತ್ತುವ ಯಂತ್ರಗಳ ವಿದ್ಯುತ್ತನ್ನು ಕೆಡಿಸಿತು. ಉಳಿದ ಶಾಖವೊಂದೇ ಸಾಕಾಯಿತು. ಕಾದ ಜಿರ್ಕೋನಿಯಂ ಉಗಿಯೊಡನೆ ಸೇರಿ ಉರಿದು ಜಲಜನಕವನ್ನು ಹುಟ್ಟಿಸಿತು, ಜಲಜನಕವು ಸಿಡಿಯಿತು, ಇಂಧನವು ಕರಗಿತು. ತಂದೆಯವರ ಮೌನವು ನಿರಾಧಾರವಾದುದಲ್ಲವೆಂಬುದನ್ನು ನಾವು ಒಪ್ಪಲೇಬೇಕು.

ಮಗಳು ಹೇಳಿದ ಗಸಗಸೆಯ ಕಾಳು ಹುಟ್ಟಿದುದು ಬೇರೊಂದು ಯೋಚನೆಯಿಂದ. ಊರಿಗೆ ಒಂದೇ ದೊಡ್ಡ ಕೋಟೆಯನ್ನು ಕಟ್ಟಿ, ಅದು ಬಿದ್ದರೆ ಊರೇ ಹಾಳಾಗುವಂತೆ ಮಾಡುವ ಬದಲು, ಒಬ್ಬೊಬ್ಬ ಪ್ರಜೆಗೂ ಒಂದೊಂದು ಕೋಟೆಯನ್ನು ಕಟ್ಟಿದರೆ ಹೇಗೆ? ಇಂಧನವನ್ನು ಸಣ್ಣ ಸಣ್ಣ ಕಣಗಳಾಗಿ ಮಾಡಿ, ಪ್ರತಿಯೊಂದು ಕಣಕ್ಕೂ ಉರಿಗೆ ಕರಗದ, ಅನಿಲವನ್ನು ಬಿಟ್ಟುಕೊಡದ ಹೊದಿಕೆಗಳನ್ನು ಹೊದಿಸಿ, ನೀರಿನ ಬದಲು ಯಾವುದರೊಡನೆಯೂ ಬೆರೆಯದ ಹೀಲಿಯಂ ಅನಿಲವನ್ನು ಹಾಯಿಸಿದರೆ ಹೇಗೆ? ಯೂರೋಪಿನ ಹಲವು ದೇಶದವರು ೧೯೫೯ರಲ್ಲಿ ಒಪ್ಪಂದ ಮಾಡಿಕೊಂಡು, ಇಂಗ್ಲೆಂಡಿನ ಡಾರ್ಸೆಟ್ ಸೀಮೆಯ ವಿನ್‌ಫ್ರಿತ್ ಎಂಬಲ್ಲಿ ‘ಡ್ರಾಗನ್’ ಎಂಬ ರಿಯಾಕ್ಟರನ್ನು ಈ ಯೋಚನೆಯ ಮೇಲೆ ಕಟ್ಟಿದರು. ಅದು ೧೯೬೪ರಲ್ಲಿ ಹೊತ್ತಿ ೧೯೭೫ರವರೆಗೆ ನಡೆಯಿತು. ಕಾಳಿನ ಈಗಿನ ರೂಪವು ಬಹುಮಟ್ಟಿಗೆ ಅಲ್ಲಿಯೇ ಹುಟ್ಟಿದುದು.

ಇದಕ್ಕೆ ಅವರಿಟ್ಟ ಹೆಸರು ‘ಟ್ರೈಸೋ’. ವಿಚಿತ್ರವಾದ ಈ ಶಬ್ದವನ್ನು ಬಿಡಿಸಿ ನೋಡಿದಾಗ ನಮಗೆ ಹಳೆಯ ನೆಂಟರನ್ನು ಕಂಡಂತಾಯಿತು. ಮೊದಲನೆಯ ‘ಟ್ರೈ’ ನಮ್ಮ ‘ತ್ರಿ’ ಶಬ್ದದ ಸೋದರ; ಮೂರು ರಚನೆಯುಳ್ಳದ್ದೆಂದು ಅರ್ಥ. ಕೊನೆಯದು ಗ್ರೀಕ್ ಮೂಲದ ಶಬ್ದವೊಂದರ ಮೊಟಕು. ಎಲ್ಲ ದಿಕ್ಕುಗಳಿಗೂ ಸಮನಾದುದು, ನಮ್ಮವರು ಹೇಳುವಂತೆ ‘ಸಮದಿಕ್’ ಎಂದು ಅರ್ಥ. ದಿಕ್ಕಿನ ಮಾತು ಏಕೆ ಬಂದಿತೆಂಬುದನ್ನು ಮುಂದೆ ಹೇಳುವೆವು.

ಈಗ ಅಡಿಗೆಮನೆಗೆ ಬರೋಣ. ಲಾಡು ಮಾಡುವ ದಿನ ಕಡಲೆಹಿಟ್ಟನ್ನು ಕಲಸಿ, ಜಾಲರಿಯ ಮೇಲೆ ಸುರಿದು ತಟ್ಟಿದರೆ ಹನಿಹನಿಯಾಗಿ ಕಾದ ಎಣ್ಣೆಗೆ ಬಿದ್ದು, ಬಿದ್ದೊಡನೆ ಗಟ್ಟಿಯಾಗಿ ಬೂಂದಿಕಾಳು ಆಗುವುದಷ್ಟೆ. ಪರಮಾಣು ಕಾಳಿನ ತಿರುಳನ್ನೂ ಹೀಗೆಯೇ ಮಾಡುವರು. ಯುರೇನಿಯಂ ಭಸ್ಮವನ್ನು ನೈಟ್ರಿಕ್ ಆಮ್ಲದಲ್ಲಿ ಕರಗಿಸಿದರೆ ಹಳದಿಯ ದ್ರಾವಣವೊಂದು ಆಗುವುದು. ಒಂದು ಪದ್ಧತಿಯಲ್ಲಿ ಇದಕ್ಕೆ ಯೂರಿಯಾ—ರೈತರು ಹೊಲಕ್ಕೆ ಹಾಕುವ ಅದೇ ಪದಾರ್ಥ—ಮತ್ತು ಹೆಕ್ಸಮೀನ್ ಎಂಬುದನ್ನು ಬೆರೆಸಿ, ಮಂಜುಗಡ್ಡೆಯಷ್ಟು ತಣ್ಣಗೆ ಇಟ್ಟಿರುವರು. ತಣ್ಣಗಿರುವವರೆಗೆ ಅದು ದ್ರವ. ಸಣ್ಣ ಮೂತಿಯ ಮೂಲಕ ಹನಿಹನಿಯಾಗಿ ಬಿಸಿಯೆಣ್ಣೆಗೆ ಬಿದ್ದೊಡನೆ ಹೆಕ್ಸಮೀನು ಒಡೆದು ಅಮೋನಿಯಾ ಹುಟ್ಟಿ, ಹನಿಯು ಒಳಗಿನಿಂದಲೇ ಹೆಪ್ಪುಗಟ್ಟುವುದು. ಇನ್ನೊಂದು ಪದ್ಧತಿಯಲ್ಲಿ ದ್ರಾವಣಕ್ಕೆ ಅಂಟಿನಂತಹ ಪದಾರ್ಥವನ್ನು ಬೆರೆಸಿ, ಹನಿಗಳನ್ನು ಮೊದಲು ಅಮೋನಿಯಾ ಅನಿಲದ ನಡುವೆ ಬೀಳಿಸುವರು. ಬೀಳುತ್ತಿರುವಾಗಲೇ ಮೇಲುಪೊರೆ ಗಟ್ಟಿಯಾಗುವುದರಿಂದ, ಕೆಳಗಿನ ಅಮೋನಿಯಾ ನೀರಿಗೆ ಅಪ್ಪಳಿಸಿದಾಗ ಹನಿಯು ಚಪ್ಪಟೆಯಾಗುವುದಿಲ್ಲ.

ಹಿಟ್ಟು ಗಟ್ಟಿಯಾದರೆ ಬೂಂದಿಗೆ ಬಾಲ ಬರುವುದು, ನೀರಾದರೆ ಚಪ್ಪಟೆಯಾಗುವುದು. ಇಲ್ಲಿಯೂ ಹಾಗೆಯೇ. ವ್ಯತ್ಯಾಸವಿಷ್ಟೆ: ಬಾಲವುಳ್ಳ ಬೂಂದಿಯನ್ನು ಮಕ್ಕಳು ಸಂತೋಷದಿಂದ ತಿನ್ನುವರು, ಬಾಲವುಳ್ಳ ಯುರೇನಿಯಂ ಕಾಳಿಗೆ ಹೊದಿಕೆಯು ಸಮನಾಗಿ ಕೂರುವುದಿಲ್ಲ, ಒಳಗಿನ ಅನಿಲದ ಒತ್ತಡವು ಒಂದು ಕಡೆ ಹೆಚ್ಚಾಗಿ ಅಲ್ಲಿಯೇ ಬಿರಿಯುವುದು. ಅದಕ್ಕಾಗಿ ಮೂತಿಯನ್ನು ಕ್ಷಣಕ್ಕೆ ನೂರಾರು ಸಲ ನಡುಗಿಸಿ ಹನಿಗಳೆಲ್ಲ ಒಂದೇ ತೂಕದವಾಗುವಂತೆ ಮಾಡುವರು. ಹೆಪ್ಪಾದ ಕಾಳುಗಳನ್ನು ತೊಳೆದು, ಒಣಗಿಸಿ, ಹುರಿದು, ಜಲಜನಕದಲ್ಲಿ ಸುಮಾರು ೧,೬೦೦ ಡಿಗ್ರಿ ಸೆಂಟಿಗ್ರೇಡಿನಲ್ಲಿ ಬೇಯಿಸಿದರೆ, ಕುಂಬಾರನ ಆವಿಗೆಯಲ್ಲಿ ಮಣ್ಣು ಕುಗ್ಗುವಂತೆ ಅವು ಬಹಳವಾಗಿ ಕುಗ್ಗಿ, ಅರ್ಧ ಮಿಲಿಮೀಟರಿನ ಗಟ್ಟಿಯಾದ ಕರಿಯ ಗೋಲಿಗಳಾಗುವುವು. ಇದು ಲೋಹವಲ್ಲ, ಪಿಂಗಾಣಿಯ ಜಾತಿಗೆ ಸೇರಿದುದು. ಒಂದು ಕಿಲೋಗ್ರಾಮಿಗೆ ಸುಮಾರು ೧೪ ಲಕ್ಷ ಕಾಳುಗಳು ತೂಗುವುವು.

ಆಮೇಲೆ ಗೇರುವ ಕೆಲಸ. ಜರಡಿಯಿಂದ ದಪ್ಪ ಸಣ್ಣವನ್ನು ಬೇರ್ಪಡಿಸಿದ ಮೇಲೆ, ಸ್ವಲ್ಪ ಓರೆಯಾಗಿ ಅಲುಗುವ ಹಲಗೆಯ ಮೇಲೆ ಕಾಳುಗಳನ್ನು ಬಿಡುವರು. ದುಂಡಗಿನವು ನೆಟ್ಟಗೆ ಉರುಳಿಹೋಗುವುವು; ಮೊಂಡಾದವು ಹಿಂದೆ ಉಳಿದು ಬದಿಗೆ ಸರಿಯುವುವು. ನಮ್ಮ ತಾಯಿಯವರು ಮೊರವನ್ನು ಓರೆಹಿಡಿದು ಸಾಸಿವೆಯನ್ನು ಉರುಳಿಸಿ ಕಸವನ್ನು ಹಿಂದೆ ನಿಲ್ಲಿಸುತ್ತಿದ್ದುದು ಇದೇ ಉಪಾಯ.

ಇನ್ನು ಹೊದಿಕೆ. ಉತ್ತರ ಕರ್ನಾಟಕದ ಮನೆಗಳಲ್ಲಿ ಸಂಕ್ರಾಂತಿಗೆ ಕುಸುರೆಳ್ಳು ಮಾಡುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಎಳ್ಳನ್ನು ಹದವಾದ ಕೆಂಡದ ಮೇಲೆ ಬಿಸಿಮಾಡುತ್ತ, ಸಕ್ಕರೆಯ ಪಾಕವನ್ನು ತೊಟ್ಟುತೊಟ್ಟಾಗಿ ಹಾಕಿ, ಕೈಯಿಂದ ಎಡೆಬಿಡದೆ ಆಡಿಸುತ್ತಿದ್ದರೆ ಒಂದೊಂದು ಎಳ್ಳಿನ ಮೇಲೂ ಪೊರೆಯ ಮೇಲೆ ಪೊರೆ ಕೂರುವುದು. ಆಡಿಸುವುದನ್ನು ನಿಲ್ಲಿಸಿದರೆ ಕಾಳುಗಳು ಅಂಟಿಕೊಂಡು ಗಂಟಾಗುವುವು. ಕೆಂಡ ಹೆಚ್ಚಾದರೆ ಪಾಕವು ಕಂದುವುದು. ಪರಮಾಣು ಕಾಳಿಗೆ ಪಾಕವು ಅನಿಲದ ರೂಪದಲ್ಲಿ ಬರುವುದು, ಕೈಯ ಕೆಲಸವನ್ನೂ ಅನಿಲವೇ ಮಾಡುವುದು. ಕೆಳಭಾಗವು ಆಲಿಕೆಯಂತೆ ಚೂಪಾಗಿರುವ ಕುಲುಮೆಯೊಳಗೆ ಕಾಳುಗಳನ್ನು ಸುರಿದು, ಅಡಿಯಿಂದ ಆರ್ಗಾನ್ ಅನಿಲವನ್ನು ರಭಸದಿಂದ ಊದುವರು. ಕಾಳುಗಳೆಲ್ಲ ಕುದಿಯುವ ಗಂಜಿಯಂತೆ ನಡುವೆ ಚಿಮ್ಮುತ್ತ, ಬದಿಗಳಲ್ಲಿ ಇಳಿಯುತ್ತ ತೇಲಾಡುವುವು. ಆಗ ಮೊದಲು ಅಸಿಟಿಲೀನ್ ಅನಿಲವನ್ನು ಬಿಡುವರು. ಆ ಉರಿಯಲ್ಲಿ ಅದು ಒಡೆದು ಅದರ ಇಂಗಾಲವು ಕಾಳಿನ ಮೇಲೆ ಮಸಿಯಂತೆ ಕೂರುವುದು. ಇದು ಮೊದಲನೆಯ ಸುತ್ತು.

ಈ ಮೊದಲನೆಯ ಸುತ್ತು ಸುಮಾರು ೯೫ ಮೈಕ್ರಾನ್ ದಪ್ಪ. ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿಗೆ ಮೈಕ್ರಾನ್ ಎಂದು ಹೆಸರು. ಇದನ್ನು ಬೇಕೆಂದೇ ಸ್ಪಂಜಿನಂತೆ ಮಾಡಿರುವರು. ಅರ್ಧಕ್ಕರ್ಧ ಬರಿಯ ತೂತು. ಒಡೆದ ಪರಮಾಣುವಿನ ಹೋಳುಗಳು ಗುಂಡಿನಂತೆ ಹೊರಗೆ ಹಾರಿದಾಗ ಅವು ನಾಟಿಕೊಂಡು ನಿಲ್ಲುವುದು ಇಲ್ಲಿ. ಅನಿಲಗಳಿಗೆ ಎಡೆ ಸಿಕ್ಕುವುದೂ, ಉಬ್ಬಿದ ತಿರುಳಿಗೆ ಜಾಗ ದೊರೆಯುವುದೂ ಇಲ್ಲಿಯೇ. ಎರಡನೆಯ ಸುತ್ತು ಪ್ರೊಪಿಲೀನ್ ಅನಿಲದಿಂದ ಬರುವ ದಟ್ಟವಾದ ಇಂಗಾಲ, ೪೦ ಮೈಕ್ರಾನ್. ದಿಕ್ಕಿನ ಮಾತು ಬರುವುದು ಇಲ್ಲಿ. ಇಂಗಾಲದ ಹರಳುಗಳು ವೀಳ್ಯದೆಲೆಯ ಕಟ್ಟಿನಂತೆ ಒಂದೇ ಮುಖವಾಗಿ ಕೂತರೆ, ನ್ಯೂಟ್ರಾನುಗಳ ಹೊಡೆತಕ್ಕೆ ಅವು ಒಂದು ದಿಕ್ಕಿನಲ್ಲಿ ಕುಗ್ಗಿ ಇನ್ನೊಂದು ದಿಕ್ಕಿನಲ್ಲಿ ಹಿಗ್ಗಿ ಪೊರೆಯನ್ನು ಸೀಳುವುವು. ಎಲ್ಲ ದಿಕ್ಕಿಗೂ ಚೆದರಿ ಕೂತರೆ ಮಾತ್ರ ಪೊರೆ ಬಾಳುವುದು.

ಮೂರನೆಯದು ಕೋಟೆಯ ನಿಜವಾದ ಗೋಡೆ: ಸಿಲಿಕಾನ್ ಕಾರ್ಬೈಡು. ಸಾಣೆಚಕ್ರಗಳಲ್ಲಿ ಬಳಸುವ ಕಾರ್ಬೊರಂಡಂ ಎಂಬುದು ಇದೇ. ಸಿಲಿಕಾನ್, ಕ್ಲೋರಿನ್, ಇಂಗಾಲಗಳು ಸೇರಿದ ದ್ರವವೊಂದನ್ನು ಆವಿಯಾಗಿಸಿ, ಜಲಜನಕದೊಡನೆ ಸುಮಾರು ೧,೫೦೦ ಡಿಗ್ರಿಯ ಕುಲುಮೆಗೆ ಬಿಟ್ಟರೆ, ೩೫ ಮೈಕ್ರಾನ್ ದಪ್ಪದ ಈ ಪೊರೆಯು ಬೆಳೆಯುವುದು. ನಮ್ಮ ತಲೆಗೂದಲಿಗಿಂತಲೂ ಇದು ತೆಳುವು. ಸೀಸಿಯಂ, ಸ್ಟ್ರಾಂಷಿಯಂಗಳನ್ನು ತಡೆಹಿಡಿಯುವ ಭಾರವೆಲ್ಲ ಮುಖ್ಯವಾಗಿ ಇದರದು. ನಾಲ್ಕನೆಯದು ಪುನಃ ದಟ್ಟವಾದ ಇಂಗಾಲ, ೪೦ ಮೈಕ್ರಾನ್. ನ್ಯೂಟ್ರಾನುಗಳ ಹೊಡೆತದಲ್ಲಿ ಅದು ಕುಗ್ಗಿ, ಬಂಡಿಯ ಚಕ್ರಕ್ಕೆ ಹಾಕಿದ ಕಬ್ಬಿಣದ ಪಟ್ಟಿಯಂತೆ ಒಳಗಿನ ಗೋಡೆಯನ್ನು ಬಿಗಿದು ಹಿಡಿಯುವುದು. ತಿರುಳೊಂದು, ಸುತ್ತು ನಾಲ್ಕು, ಒಟ್ಟು ಐದು. ಪಂಚಕೋಶಗಳನ್ನು ಇಲ್ಲಿಗೆ ಎಳೆದು ತರಬೇಕೆಂಬ ಚಾಪಲ್ಯವು ನಮಗೂ ಉಂಟಾಯಿತು, ಅದನ್ನು ಅಡಗಿಸಿಕೊಂಡಿರುವೆವು. ಮೂರು ರಚನೆಯೆಂಬ ಹೆಸರಿಗೂ ನಾಲ್ಕು ಸುತ್ತಿಗೂ ತಾಳೆಯಾಗದೆಂದು ಜಾಣ ವಾಚಕರು ಆಕ್ಷೇಪಿಸಬಹುದು. ಸ್ಪಂಜು, ದಟ್ಟ ಇಂಗಾಲ, ಕಾರ್ಬೈಡು ಎಂದು ಪದಾರ್ಥದ ಬಗೆಯನ್ನು ಎಣಿಸಿದರೆ ಮೂರೇ ಆಗುವುದೆಂದು ನಮ್ಮ ಸಮಾಧಾನ.

ಎರಡನೆಯ ಸುತ್ತಿನ ವಿಷಯದಲ್ಲಿ ಒಂದು ಮಾತು ಉಳಿಯಿತು; ಹುಡುಗಿಯು ಮಾಡಲಿರುವ ಕೆಲಸದ ಮರ್ಮವು ಇದರಲ್ಲಿರುವುದರಿಂದ ಬಿಡಲಾಗದು. ಕಾರ್ಬೈಡನ್ನು ಬೆಳೆಸುವಾಗ ಕ್ಲೋರಿನ್ ಕೂಡಿದ ಆಮ್ಲದ ಆವಿಯು ಹುಟ್ಟುವುದು. ಎರಡನೆಯ ಸುತ್ತು ಸ್ವಲ್ಪ ಸಡಿಲವಾಗಿದ್ದರೂ ಈ ಆವಿಯು ಒಳನುಸುಳಿ, ತಿರುಳಿನ ಯುರೇನಿಯಮನ್ನು ಕದಲಿಸಿ ಹೊರಗಿನ ಪೊರೆಗಳೊಳಕ್ಕೆ ಎಳೆದು ತರುವುದು. ಹೊರಗಿನಿಂದ ಕಾಳು ದುಂಡಗೆ, ಕಪ್ಪಗೆ, ಉಳಿದವುಗಳಂತೆಯೇ ಕಾಣುವುದು. ಕೋಟೆಯನ್ನು ಕಟ್ಟುತ್ತಿರುವಾಗಲೇ ವೈರಿಯು ಒಳಗೆ ಸೇರಿಕೊಂಡಂತಾಯಿತು.

ಹೀಗೆ ಸಿದ್ಧವಾದ ಕಾಳು ಒಂದು ಮಿಲಿಮೀಟರಿಗಿಂತ ಸ್ವಲ್ಪ ಕಡಮೆ. ಗಸಗಸೆಯೆಂಬ ಮಗಳ ಉಪಮೆಯು ಸರಿಯಾದುದೇ. ಬೂಂದಿಯಾದ ಮೇಲೆ ಲಾಡು ಕಟ್ಟುವುದು ಬೇಡವೆ? ಕಾಳುಗಳಿಗೆ ಗ್ರಾಫೈಟ್ ಪುಡಿಯನ್ನೂ ರಾಳದ ಜಾತಿಯ ಅಂಟನ್ನೂ ಹಚ್ಚಿ, ಒತ್ತಿ ಉಂಡೆಮಾಡಿ, ಮೇಲೆ ಅರ್ಧ ಸೆಂಟಿಮೀಟರಿನಷ್ಟು ಬರಿಯ ಗ್ರಾಫೈಟನ್ನು ಹೊದಿಸಿ, ಕೊನೆಗೆ ಸುಮಾರು ೧,೯೦೦ ಡಿಗ್ರಿಗೂ ಮೀರಿದ ಉರಿಯಲ್ಲಿ ಕಾಯಿಸುವರು. ಚೀನಾದೇಶದ ಶಾನ್‌ಡಾಂಗ್ ಪ್ರಾಂತದ ಶಿಡಾವೊವಾನ್ ಎಂಬಲ್ಲಿ ೨೦೨೧ರಲ್ಲಿ ಹೊತ್ತಿಸಿ, ೨೦೨೩ರ ಡಿಸೆಂಬರಿನಲ್ಲಿ ವ್ಯಾಪಾರಕ್ಕೆ ತೊಡಗಿಸಿದ ಅವಳಿ ರಿಯಾಕ್ಟರುಗಳಲ್ಲಿ ಇಂತಹ ಉಂಡೆಗಳನ್ನೇ ಉರಿಸುವರು. ಉಂಡೆಯ ಅಡ್ಡಳತೆ ೬ ಸೆಂಟಿಮೀಟರು. ಒಂದೊಂದರಲ್ಲಿ ೭ ಗ್ರಾಂ ಯುರೇನಿಯಂ, ಸುಮಾರು ೧೨,೦೦೦ ಕಾಳು. ಒಂದು ರಿಯಾಕ್ಟರಿಗೆ ಸುಮಾರು ೪,೨೦,೦೦೦ ಉಂಡೆಗಳು. ಅಮೆರಿಕದಲ್ಲಿಯೂ ಜಪಾನಿನಲ್ಲಿಯೂ ಉಂಡೆಯ ಬದಲು ಬೆರಳಿನಂತಹ ತುಂಡುಗಳನ್ನು ಒತ್ತಿ ಗ್ರಾಫೈಟ್ ದಿಮ್ಮಿಗಳಲ್ಲಿ ಇಡುವ ಪದ್ಧತಿಯೂ ಉಂಟು.

ಇಲ್ಲಿ ನಮ್ಮೊಳಗಿನ ಮೇಷ್ಟರು ಎಚ್ಚತ್ತು ಲೆಕ್ಕ ಹಾಕತೊಡಗಿದರು. ೪,೨೦,೦೦೦ನ್ನು ೧೨,೦೦೦ದಿಂದ ಗುಣಿಸಿದರೆ ೫೦೪ ಕೋಟಿ. ಒಂದು ರಿಯಾಕ್ಟರಿನಲ್ಲಿ ೫೦೪ ಕೋಟಿ ಕೋಟೆಗಳು! ಇವುಗಳಲ್ಲಿ ಒಂದೂ ಬಿರುಕಿಲ್ಲದಂತೆ ಮಾಡಬಲ್ಲ ಕುಶಲಿಗಳು ಯಾರು? ಯಾರೂ ಇಲ್ಲ; ಮಾಡುವವರು ಹಾಗೆ ಹೇಳಿಕೊಳ್ಳುವುದೂ ಇಲ್ಲ. ಚೀನಾದ ಉಂಡೆಗಳಿಗೆ ಗೊತ್ತುಮಾಡಿರುವ ಮಿತಿಯು ಲಕ್ಷಕ್ಕೆ ೬. ಅಂದರೆ ೫೦೪ ಕೋಟಿಯಲ್ಲಿ ೩ ಲಕ್ಷ ಕಾಳುಗಳು ಹುಟ್ಟಿನಿಂದಲೇ ಒಡಕಾಗಿರಬಹುದೆಂದು ಅನುಮತಿಯಿದ್ದಂತಾಯಿತು. ಈ ಸಂಖ್ಯೆಯನ್ನು ಕಂಡು ನಾವೂ ಒಮ್ಮೆ ಕಾಗದವನ್ನು ಕೆಳಗಿಟ್ಟೆವು. ಆಮೇಲೆ ಅದನ್ನೇ ತೂಕದಲ್ಲಿ ನೋಡಿದೆವು. ಒಟ್ಟು ಯುರೇನಿಯಂ ೨,೯೪೦ ಕಿಲೋಗ್ರಾಂ. ಅದರ ಲಕ್ಷದಲ್ಲಿ ೬ ಪಾಲೆಂದರೆ ಸುಮಾರು ೧೭೬ ಗ್ರಾಂ. ಮೂರು ಸಾವಿರ ಕಿಲೋಗ್ರಾಮಿನಲ್ಲಿ ಕೋಟೆಯಿಲ್ಲದೆ ಇರುವುದು ಒಂದು ಹಿಡಿಯೂ ಇಲ್ಲ. ಎರಡು ಸಂಖ್ಯೆಗಳೂ ಸತ್ಯವಾದವು. ಹೆದರಿಸಬೇಕೆಂದಿರುವವನು ಮೊದಲನೆಯದನ್ನು ಹೇಳುವನು. ಮಾರಬೇಕೆಂದಿರುವವನು ಎರಡನೆಯದನ್ನು ಹೇಳುವನು. ನಮ್ಮ ವಾಚಕರಿಗೆ ಎರಡನ್ನೂ ಕೊಟ್ಟಿರುವೆವು.

ಒಡಕನ್ನು ಕಂಡುಹಿಡಿಯುವ ಬಗೆಯು ಸ್ವಾರಸ್ಯವಾಗಿದೆ. ಒಂದು ತಂಡದಿಂದ ಕೆಲವು ಉಂಡೆಗಳನ್ನು ತೆಗೆದು, ಗಾಳಿಯಲ್ಲಿ ಕಾಯಿಸಿ ಇಂಗಾಲವೆಲ್ಲ ಉರಿದುಹೋಗುವಂತೆ ಮಾಡುವರು. ಗ್ರಾಫೈಟೂ ಹೊರಸುತ್ತೂ ಬೂದಿಯಾಗುವುವು; ಕಾರ್ಬೈಡು ಮಾತ್ರ ಉರಿಯದೆ ನಿಲ್ಲುವುದು. ಉಳಿದ ಕಾಳುಗಳನ್ನು ನೈಟ್ರಿಕ್ ಆಮ್ಲದಲ್ಲಿ ಕುದಿಸುವರು. ಗೋಡೆಯು ನೆಟ್ಟಗಿದ್ದರೆ ಆಮ್ಲವು ಒಳಗೆ ಹೋಗಲಾರದು. ಒಂದೇ ಒಂದು ಕಾಳು ಬಿರುಕಾಗಿದ್ದರೂ ಅದರ ಯುರೇನಿಯಂ ಕರಗಿ ಆಮ್ಲದಲ್ಲಿ ಸಿಕ್ಕಿಬೀಳುವುದು; ಒಂದು ಮಿಲಿಗ್ರಾಮಿಗಿಂತ ಕಡಮೆಯಾದರೂ ಅಳೆಯಬಹುದು.

ಆದರೆ ಪರೀಕ್ಷೆಯಾದ ಉಂಡೆಯು ಬೂದಿಯಾಯಿತಲ್ಲ! ಪರೀಕ್ಷೆಗೆ ಕೂತದ್ದು ರಿಯಾಕ್ಟರಿಗೆ ಹೋಗುವುದಿಲ್ಲ. ರಿಯಾಕ್ಟರಿಗೆ ಹೋಗುವುದು ಈ ಪರೀಕ್ಷೆಗೆ ಕೂತಿಲ್ಲ. ನಮ್ಮ ಶಾಲೆಗೆ ತಪಾಸಣೆಗೆ ಬರುತ್ತಿದ್ದ ಅಧಿಕಾರಿಗಳು ತರಗತಿಯಲ್ಲಿ ನಾಲ್ಕು ಮಂದಿ ಹುಡುಗರನ್ನು ಎಬ್ಬಿಸಿ ಪ್ರಶ್ನೆ ಕೇಳಿ, ಅದರಿಂದ ನಲವತ್ತು ಮಂದಿಯ ಯೋಗ್ಯತೆಯನ್ನು ಬರೆದುಕೊಂಡು ಹೋಗುತ್ತಿದ್ದರು. ಚೆನ್ನಾಗಿ ಹೇಳುವವರನ್ನು ಮುಂದಿನ ಸಾಲಿನಲ್ಲಿ ಕೂರಿಸಿದ ಪಾಪವನ್ನು ನಾವೂ ಒಂದೆರಡು ಸಲ ಮಾಡಿದುದುಂಟು. ನಾಲ್ವರಿಂದ ನಲವತ್ತರ ಅಳತೆ ನಿಜವಾಗಬೇಕಾದರೆ, ನಾಲ್ವರನ್ನು ಆರಿಸುವುದು ನಿಷ್ಪಕ್ಷಪಾತವಾಗಿರಬೇಕು, ನಲವತ್ತು ಮಂದಿಗೂ ಪಾಠವು ಒಂದೇ ರೀತಿ ನಡೆದಿರಬೇಕು. ಕಾಳಿನ ಕಾರ್ಖಾನೆಯಲ್ಲಿಯೂ ಕುಲುಮೆಯ ಶಾಖ, ಅನಿಲದ ರಭಸ, ಹೊತ್ತು ಇವೆಲ್ಲವನ್ನೂ ಪ್ರತಿ ತಂಡಕ್ಕೂ ಒಂದೇ ರೀತಿ ನಡೆಯಿಸಿ, ನಡೆದುದನ್ನು ನಡೆದಂತೆಯೇ ಬರೆದಿಟ್ಟರೆ ಮಾತ್ರ ಪರೀಕ್ಷೆಗೆ ಅರ್ಥವುಂಟು. ಮಧ್ಯಾಹ್ನ ಅನಿಲವು ಸ್ವಲ್ಪ ಹೊತ್ತು ತಗ್ಗಿದುದನ್ನು ಪುಸ್ತಕದಲ್ಲಿ ಬರೆಯದೆ ಬಿಟ್ಟರೆ, ಆ ತಪ್ಪು ಲಕ್ಷಾಂತರ ಕಾಳುಗಳೊಳಗೆ ಕಣ್ಣಿಗೆ ಕಾಣದೆ ಕೂತುಬಿಡುವುದು.

ಇದು ಬರಿಯ ಊಹೆಯಲ್ಲವೆಂಬುದಕ್ಕೆ ಚರಿತ್ರೆಯುಂಟು. ಅಮೆರಿಕದ ಪೆನ್ಸಿಲ್ವೇನಿಯಾದ ಪೀಚ್ ಬಾಟಮ್ ರಿಯಾಕ್ಟರಿನಲ್ಲಿ ೧೯೬೭ರಲ್ಲಿ ಉರಿಸಿದ ಮೊದಲ ಕಾಳುಗಳಿಗೆ ಸ್ಪಂಜಿನ ಸುತ್ತು ಇರಲಿಲ್ಲ, ಇಂಗಾಲದ ಒಂದೇ ಪೊರೆ. ಅವು ಬಿರಿದವು. ೧೯೭೦ರಲ್ಲಿ ಸ್ಪಂಜಿನ ಸುತ್ತುಳ್ಳ ಕಾಳುಗಳನ್ನು ಇಟ್ಟ ಮೇಲೆ ೧೯೭೪ರವರೆಗೆ ಕೆಲಸವು ಚೆನ್ನಾಗಿ ಸಾಗಿತು. ಜರ್ಮನಿಯ ಯೂಲಿಖ್ ಎಂಬಲ್ಲಿ ೧೯೬೭ರಿಂದ ೧೯೮೮ರವರೆಗೆ ನಡೆದ ಉಂಡೆಗಳ ರಿಯಾಕ್ಟರಿನ ಕಥೆಯು ಇದಕ್ಕಿಂತ ಕಹಿಯಾದುದು. ಅದರಲ್ಲಿ ಬಗೆಬಗೆಯ ಹಳೆಯ ಹೊಸ ಉಂಡೆಗಳನ್ನು ಪ್ರಯೋಗಕ್ಕೆಂದು ಉರಿಸಿದರು. ಒಳಗಿನ ಶಾಖವೆಷ್ಟೆಂದು ಲೆಕ್ಕದಿಂದ ತಿಳಿದಿದ್ದರೇ ಹೊರತು ಅಳೆದು ನೋಡಿರಲಿಲ್ಲ. ೧೯೮೬ರಲ್ಲ ಬೇರೆ ಬೇರೆ ಶಾಖಕ್ಕೆ ಕರಗುವ ತಂತಿಗಳನ್ನಿಟ್ಟ ಉಂಡೆಗಳನ್ನು ಒಳಗೆ ಬಿಟ್ಟು ನೋಡಿದಾಗ, ಕೆಲವುಗಳಲ್ಲಿ ೧,೨೮೦ ಡಿಗ್ರಿಗೆ ಕರಗುವ ತಂತಿಯೂ ಕರಗಿದ್ದಿತು. ಲೆಕ್ಕಕ್ಕಿಂತ ಒಲೆ ಬಹಳ ಹೆಚ್ಚಾಗಿ ಕಾದಿದ್ದಿತು. ಸೀಸಿಯಮೂ ಸ್ಟ್ರಾಂಷಿಯಮೂ ಕಾಳುಗಳಿಂದ ಹೊರಬಿದ್ದು ಪಾತ್ರೆಯ ಒಳಗೆಲ್ಲ ಹರಡಿದುದರಿಂದ, ೨೦೦೮ರಲ್ಲಿ ಅದರೊಳಗೆ ಹಗುರವಾದ ಕಾಂಕ್ರೀಟನ್ನು ತುಂಬಿ, ೨೦೧೫ರಲ್ಲಿ ೨,೦೦೦ ಟನ್ನಿಗೂ ಮೀರಿದ ಆ ಪಾತ್ರೆಯನ್ನು ಇದ್ದಂತೆಯೇ ಎತ್ತಿ ಪಕ್ಕದ ಕಟ್ಟಡದಲ್ಲಿ ಇಡಬೇಕಾಯಿತು. ಉರಿಸಿದ ಉಂಡೆಗಳು ೧೫೨ ಭಾರಿ ಪೆಟ್ಟಿಗೆಗಳನ್ನು ತುಂಬಿದವು. ಅವುಗಳನ್ನು ಕೊನೆಗೆ ಎಲ್ಲಿಡಬೇಕೆಂಬ ಚರ್ಚೆಯು ಆ ದೇಶದಲ್ಲಿ ದಶಕಗಳ ಕಾಲ ನಡೆದಿದೆ. ಕಾಳಿನ ಕೋಟೆಯು ಬಲವಾದಷ್ಟೂ, ಉರಿದ ಮೇಲೆ ಅದನ್ನು ಒಡೆದು ಉಳಿದ ಇಂಧನವನ್ನು ತೆಗೆಯುವುದು ಕಷ್ಟವೆಂಬುದೂ ಇದರೊಡನೆ ತಿಳಿಯತಕ್ಕ ಮಾತು.

ಇನ್ನೊಂದು ಪಕ್ಷವನ್ನೂ ಹೇಳಬೇಕು. ಅಮೆರಿಕದ ಐಡಹೊ ಪ್ರಯೋಗಶಾಲೆಯವರು ೨೦೦೬ರ ಕೊನೆಯಿಂದ ೨೦೦೯ರವರೆಗೆ, ಹೊಸ ರೀತಿಯಲ್ಲಿ ಮಾಡಿದ ಸುಮಾರು ೩ ಲಕ್ಷ ಕಾಳುಗಳನ್ನು ಪರೀಕ್ಷಾ ರಿಯಾಕ್ಟರಿನಲ್ಲಿ ಉರಿಸಿದರು. ಉರಿಯುತ್ತಿರುವಾಗ ಒಂದು ಕಾಳೂ ಬಿರಿದು ಅನಿಲವನ್ನು ಬಿಟ್ಟ ಗುರುತು ಕಾಣಲಿಲ್ಲ. ಆಮೇಲೆ ಅವುಗಳಲ್ಲಿ ಕೆಲವನ್ನು ೧,೬೦೦ರಿಂದ ೧,೮೦೦ ಡಿಗ್ರಿಯವರೆಗೆ ಕಾಯಿಸಿ ನೂರಾರು ತಾಸು ಇಟ್ಟು ನೋಡಿದರು. ಬಹುಪಾಲು ಕಾಳುಗಳು ತಡೆದುಕೊಂಡವು. ಬೆಳ್ಳಿಯೊಂದು ಮಾತ್ರ ನೆಟ್ಟಗಿರುವ ಗೋಡೆಯನ್ನೂ ಹೇಗೋ ಹಾದು ಬರುವುದೆಂದು ಕಂಡುಬಂದಿದೆ. ಚೀನಾದವರು ೨೦೨೩ರಲ್ಲಿ ತಮ್ಮ ಎರಡು ರಿಯಾಕ್ಟರುಗಳಲ್ಲಿಯೂ ಒಂದೊಂದು ಸಲ, ೨೦೦ ಮೆಗಾವಾಟ್ ಶಾಖದಲ್ಲಿ ಉರಿಯುತ್ತಿರುವಾಗಲೇ ತಂಪು ಮಾಡುವ ಅನಿಲದ ಹರಿವನ್ನು ಬೇಕೆಂದೇ ನಿಲ್ಲಿಸಿದರು. ಉಳಿದ ಶಾಖವು ಗ್ರಾಫೈಟಿನ ಮೂಲಕ ಹೊರಗೆ ಹರಿದು, ಯಾರೂ ನೀರೆರೆಯದೆ ಒಲೆಯು ತಾನೇ ತಣ್ಣಗಾಯಿತು. ಫುಕುಶಿಮದಲ್ಲಿ ಆಗಬೇಕಾಗಿದ್ದು ಆಗದೆ ಹೋದುದು ಇದೇ. ಆದರೆ ಈ ಒಲೆಗಳು ಫುಕುಶಿಮದವುಗಳಿಗಿಂತ ಬಹಳ ಚಿಕ್ಕವು. ಶಾಖವು ತಾನಾಗಿ ಹೊರಬೀಳಬೇಕೆಂದೇ ಅವುಗಳನ್ನು ಚಿಕ್ಕದಾಗಿ ಕಟ್ಟಿರುವರು. ನಮ್ಮ ದೇಶದಲ್ಲಿಯೂ ಮುಂಬಯಿಯ ಭಾಭಾ ಪರಮಾಣು ಸಂಶೋಧನಾ ಕೇಂದ್ರದವರು ಇಂತಹ ಕಾಳುಗಳಿಂದ ನಡೆಯಬೇಕಾದ ೧೦೦ ಕಿಲೋವಾಟ್ ಶಾಖದ ಪುಟ್ಟ ರಿಯಾಕ್ಟರಿನ ವಿನ್ಯಾಸವನ್ನು ಮಾಡಿ, ಕಾಳಿನ ತಿರುಳನ್ನು ಹನಿಯಿಂದ ಹೆಪ್ಪುಗಟ್ಟಿಸುವ ವಿದ್ಯೆಯನ್ನು ಸಾಧಿಸಿರುವರು.

ತಾಯಿಯವರ ಕಳವಳವು ರಿಯಾಕ್ಟರಿಗಿಂತ ಹೆಚ್ಚಾಗಿ ಮಗಳದಲ್ಲವೆ? ಕಾಳು ಮಾಡುವ ಕಾರ್ಖಾನೆಯಲ್ಲಿ ಇರುವುದು ಇನ್ನೂ ಉರಿಯದ ಯುರೇನಿಯಂ. ಸೀಸಿಯಂ ಮುಂತಾದ ಉಗ್ರವಾದ ವಿಷಗಳು ಹುಟ್ಟುವುದು ಉರಿದ ಮೇಲೆ. ಉರಿಯದ ಯುರೇನಿಯಮಿನ ಕಿರಣಗಳು ದುರ್ಬಲವಾದವು. ಅದರ ಧೂಳನ್ನು ಉಸಿರಾಡಬಾರದು, ಹೊಟ್ಟೆಗೆ ಹೋಗಗೊಡಬಾರದು. ಹೋದರೆ ಮೂತ್ರಪಿಂಡಕ್ಕೆ ಕೇಡು. ಜಲಜನಕ, ಅಸಿಟಿಲೀನ್‌ಗಳು ಸಿಡಿಯತಕ್ಕವು. ಕ್ಲೋರಿನ್ ಕೂಡಿದ ಆವಿಯು ಕಣ್ಣು ಗಂಟಲುಗಳನ್ನು ಸುಡತಕ್ಕುದು. ಇವೆಲ್ಲ ಯಾವ ರಸಾಯನದ ಕಾರ್ಖಾನೆಯಲ್ಲಿಯೂ ಇರತಕ್ಕ ಭಯಗಳೇ. ಇಲ್ಲಿಗೇ ವಿಶೇಷವಾದುದು ಒಂದುಂಟು: ಶಕ್ತಿಯನ್ನು ಹೆಚ್ಚಿಸಿದ ಯುರೇನಿಯಂ ದ್ರಾವಣವನ್ನು ಮಿತಿಗಿಂತ ಹೆಚ್ಚಾಗಿ ಒಂದೇ ಅಗಲವಾದ ಪಾತ್ರೆಯಲ್ಲಿ ಸೇರಿಸಿದರೆ, ರಿಯಾಕ್ಟರಿನಲ್ಲಿ ಆಗತಕ್ಕುದು ಆ ಪಾತ್ರೆಯಲ್ಲಿಯೇ ಆಗಿಬಿಡುವುದು. ಜಪಾನಿನ ಟೋಕಾಯಿಮುರದ ಇಂಧನ ಕಾರ್ಖಾನೆಯೊಂದರಲ್ಲಿ ೧೯೯೯ರ ಸೆಪ್ಟೆಂಬರ್ ೩೦ರಂದು ಕೆಲಸಗಾರರು ನಿಯಮವನ್ನು ಬಿಟ್ಟು, ಬೇಗ ಮುಗಿಯಲೆಂದು, ಯುರೇನಿಯಂ ನೈಟ್ರೇಟಿನ ದ್ರಾವಣವನ್ನು ಬಕೆಟ್ಟಿನಿಂದ ತೊಟ್ಟಿಗೆ ಸುರಿದರು. ನೀಲಿಯ ಬೆಳಕೊಂದು ಹೊಳೆಯಿತು. ಹತ್ತಿರದಲ್ಲಿದ್ದ ಮೂವರಲ್ಲಿ ಇಬ್ಬರು ಮುಂದಿನ ತಿಂಗಳುಗಳಲ್ಲಿ ತೀರಿಕೊಂಡರು. ಅವರು ಮಾಡುತ್ತಿದ್ದುದು ನಾವು ಹೇಳಿದ ಕಾಳುಗಳನ್ನಲ್ಲ. ಆದರೆ ದ್ರಾವಣವು ಅದೇ ಜಾತಿಯದು. ಹುಡುಗಿಯು ಹೊರಡುವ ಮುನ್ನ ತಾಯಿಯವರು ಈ ಊರಿನ ಹೆಸರನ್ನು ಹೇಳಿ, ನೀನು ಸೇರುವ ಕಡೆಯಲ್ಲಿ ಪಾತ್ರೆಯ ಗಾತ್ರಕ್ಕೂ ತುಂಬುವ ತೂಕಕ್ಕೂ ಏನು ನಿಯಮವಿದೆ, ಅದನ್ನು ಮೀರಬೇಕೆಂದು ಮೇಲಿನವರೇ ಅವಸರಪಡಿಸಿದರೆ ಏನು ಮಾಡುವೆ ಎಂದು ಕೇಳಲಿ. ಅವಳು ನಗದೆ ಉತ್ತರ ಹೇಳಿದರೆ ತಂದೆಯವರೂ ಮಾತನಾಡಿಯಾರು.

ಕಾಗದದ ಅಂಚಿನಲ್ಲಿ ‘ಅವಳು ರಜಕ್ಕೆ ಬರುವಾಗ ಒಂದು ಕಾಳನ್ನು ತಂದು ತೋರಿಸಬಹುದೆ’ ಎಂದೂ ಕೇಳಿರುವರು. ತರುವ ಹಾಗಿಲ್ಲ, ಒಂದೊಂದು ಗ್ರಾಮಿಗೂ ಅಲ್ಲಿ ಲೆಕ್ಕವುಂಟು. ಕಾಳನ್ನು ನಡುವೆ ಕೊಯ್ದು ಸೂಕ್ಷ್ಮದರ್ಶಕದಲ್ಲಿ ತೆಗೆದ ಚಿತ್ರವನ್ನು ಕಳುಹಿಸಬಲ್ಲಳು. ಅದರಲ್ಲಿ ಈರುಳ್ಳಿಯನ್ನು ಅಡ್ಡಲಾಗಿ ಹೆಚ್ಚಿದಂತೆ ಸುತ್ತುಗಳೆಲ್ಲ ಕಾಣುವುವು. ಅವುಗಳ ನಡುವೆ ತೆಳ್ಳಗೆ, ಬೆಳ್ಳಗೆ ಹೊಳೆಯುವ ಬಳೆಯೇ ಕಾರ್ಬೈಡಿನ ಗೋಡೆ. ತಾಮ್ರದ ಹಂಡೆಯ ಕಲಾಯಿಯನ್ನು ಕುರಿತು ಅವರು ಕೇಳಿರುವ ಇನ್ನೊಂದು ಪ್ರಶ್ನೆಯನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡಿರುವೆವು.